ಸೈಕಲ್ಲಿನಲ್ಲಿ ಭಾಲ್ಕಿ, ಸೈಕಲ್ಲಿನಲ್ಲಿ ಔರಾದ್

ಬೀದರ್‌ನಿಂದ ಭಾಲ್ಕಿಗೆ ಸುಮಾರು 40 ಕಿ.ಮೀ. ಔರಾದಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಬಸ್ಸಿನಲ್ಲಿ ಕುಳಿತರೆ ಒಂದು ಗಂಟೆ ಚಿಲ್ಲರೆ. ಪರೀಕ್ಷೆ ಮುಗಿದು ಚಳಿ ಶುರುವಾಗುತ್ತಿದ್ದಂತೆ ನಮ್ಮ ಕಾಲೇಜಿನ ಕಟ್ಟೆಯ ಮೇಲೆ ಒಂದು ಮಾತು ಬಂದೇ ಬರುತ್ತದೆ: "ಈ ಭಾನುವಾರ ಸೈಕಲ್ ಮೇಲೆ ಹೋಗಿಬರೋಣ, ಏನಂತೀರಿ?" ಹೊರಟವರಲ್ಲಿ ಕೆಲವರು ಹಾಡಿಕೊಂಡು ವಾಪಸ್ ಬರುತ್ತಾರೆ, ಕೆಲವರು ಟಂಟಂ ಮೇಲೆ ಸೈಕಲ್ ಹೇರಿಕೊಂಡು ಬರುತ್ತಾರೆ. ಇಬ್ಬರ ಕಾಲಿನ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಹೊರಡುವ ಮೊದಲು ಮಾಡಿದ ಲೆಕ್ಕದಲ್ಲಿ ಇರುತ್ತದೆ. ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇವೆ. ಪಿಯುಸಿ ಭೌತಶಾಸ್ತ್ರ ಓದಿದವರಿಗೆ ಇದರಲ್ಲಿ ಕಷ್ಟದ್ದೇನೂ ಇಲ್ಲ.

ಮೊದಲು ನಮ್ಮ ಊರಿನ ಸ್ವಭಾವ ತಿಳಿದಿರಬೇಕು. ಬೀದರ್ ಇರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಕೋಟೆಯ ಗೋಡೆಯ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ನೆಲ ಒಮ್ಮೆಲೇ ಕೆಳಗಿಳಿದು ಮಾಂಜ್ರಾ ನದಿಯ ಬಯಲು ಹರಡಿಕೊಳ್ಳುವುದು ಕಾಣುತ್ತದೆ. ಬಹಮನಿ ಸುಲ್ತಾನರು ರಾಜಧಾನಿಗೆ ಈ ಜಾಗ ಆರಿಸಿಕೊಂಡದ್ದಕ್ಕೆ ಆ ಎತ್ತರವೂ ಒಂದು ಕಾರಣ. ಕೋಟೆಗೆ ಒಳ್ಳೆಯದಾದ ಈ ಎತ್ತರ ಸೈಕಲ್ ಹೊಡೆಯುವವರಿಗೆ ಮಾತ್ರ ಮೋಸ ಮಾಡುತ್ತದೆ. ಔರಾದಿಗೆ ಹೊರಟಾಗ ಊರು ದಾಟುತ್ತಲೇ ಇಳಿಜಾರು. ಪೆಡಲ್ ತುಳಿಯದೆಯೇ ಸೈಕಲ್ ಓಡುತ್ತದೆ. ಬೆಳಗಿನ ತಂಪು, ಹೊಸ ಹುರುಪು, ಜೊತೆಗೆ ಇಳಿ. ಜನವಾಡ ಬರುವಷ್ಟರಲ್ಲಿ "ಇಷ್ಟೇನಾ?" ಅನ್ನಿಸುತ್ತದೆ. ಅದೇ ಇಳಿ ಮಧ್ಯಾಹ್ನ ಏರಾಗಿ ಕಾಯುತ್ತಿರುತ್ತದೆ. ಬಿಸಿಲು ನೆತ್ತಿಗೆ ಬಂದು ಕಾಲು ಸೋತ ಹೊತ್ತಿನಲ್ಲೇ ಅದು ಎದುರಾಗುತ್ತದೆ. ಬೆಟ್ಟದೂರುಗಳಿಗೆ ಹೋಗುವವರು ಮೊದಲು ಹತ್ತಿ ಆಮೇಲೆ ಇಳಿಯುತ್ತಾರೆ. ನಮ್ಮದು ತಿರುವುಮುರುವು.

ಆ ಏರಿನ ಬೆಲೆ ಎಷ್ಟು? ಊರಿನ ಎತ್ತರಕ್ಕೂ ನದಿಯ ತಗ್ಗಿಗೂ 100 ಮೀಟರಿಗಿಂತ ಹೆಚ್ಚು ಅಂತರವಿದೆ. ಲೆಕ್ಕ ಸುಲಭವಾಗಲಿ ಎಂದು 100 ಮೀಟರ್ ಎಂದೇ ಇಟ್ಟುಕೊಳ್ಳೋಣ. ಸವಾರ 55 ಕೆ.ಜಿ., ಸೈಕಲ್ಲು, ನೀರು, ಚೀಲ ಸೇರಿ 20 ಕೆ.ಜಿ., ಒಟ್ಟು 75. ಇದನ್ನು 9.8ರಿಂದಲೂ 100ರಿಂದಲೂ ಗುಣಿಸಿದರೆ 73,500 ಜೂಲ್. ನಮ್ಮ ಸ್ನಾಯುಗಳು ತಿಂದ ಅನ್ನದ ಶಕ್ತಿಯಲ್ಲಿ ಐದನೇ ಒಂದು ಭಾಗ, ಹೆಚ್ಚೆಂದರೆ ನಾಲ್ಕನೇ ಒಂದು ಭಾಗವನ್ನು ಮಾತ್ರ ಕೆಲಸಕ್ಕೆ ಹಚ್ಚುತ್ತವೆ. ಉಳಿದದ್ದು ಬಿಸಿಯಾಗಿ, ಬೆವರಾಗಿ ಹೋಗುತ್ತದೆ. ಹಾಗಾಗಿ 100 ಮೀಟರ್ ಏರಲು ದೇಹಕ್ಕೆ ಸುಮಾರು 80 ಕಿಲೋ ಕ್ಯಾಲರಿ ಬೇಕು. ಅಂದರೆ ಒಂದು ಬಾಳೆಹಣ್ಣಿಗಿಂತ ಸ್ವಲ್ಪ ಕಡಿಮೆ. ಘಾಟು ಹತ್ತುವುದಕ್ಕೆ ಒಂದು ಬಾಳೆಹಣ್ಣು ಸಾಕು ಎಂದು ತಿಳಿದರೆ ಹೆದರಿಕೆ ಹೋಗುತ್ತದೆ. ಆದರೆ ಆ ಹಣ್ಣು ಏರಿಗೆ ಅರ್ಧ ಗಂಟೆ ಮೊದಲೇ ಹೊಟ್ಟೆಯಲ್ಲಿರಬೇಕು. ಏರಿನ ಬುಡದಲ್ಲಿ ನಿಂತು ತಿಂದರೆ ಅದು ತುದಿ ಮುಟ್ಟಿದ ಮೇಲೆ ಕೆಲಸಕ್ಕೆ ಬರುತ್ತದೆ.

ಗೇರಿನ ಸೈಕಲ್ಲೇ ಬೇಕು ಎಂದು ಹಟ ಹಿಡಿಯುವವರಿದ್ದಾರೆ. ಬೇಕಿಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಲವು ವರ್ಷ ಸೈಕಲ್ ಹಂಚಿತಲ್ಲ, ಅಣ್ಣನದೋ ಅಕ್ಕನದೋ ಆ ಸೈಕಲ್ ಇನ್ನೂ ಎಷ್ಟೋ ಮನೆಗಳ ಅಂಗಳದಲ್ಲಿ ಗೋಡೆಗೆ ಒರಗಿ ನಿಂತಿದೆ. ಎಣ್ಣೆ ಹಾಕಿ, ಟ್ಯೂಬು ಬದಲಿಸಿದರೆ ಅದರಲ್ಲೇ ಔರಾದ್ ಮುಟ್ಟಬಹುದು. ದೊಡ್ಡ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. 40 ಕಿ.ಮೀ.ಗೆ ಏಳು ಸಾವಿರಕ್ಕೂ ಹೆಚ್ಚು ಸಲ ತುಳಿಯಬೇಕು. ಸೀಟಿನ ಎತ್ತರದ ಬಗ್ಗೆ ಮೊಂಡು ಹಿಡಿಯಬೇಕಾದದ್ದು ಇದಕ್ಕೇ. ಸೀಟು ಎರಡು ಬೆರಳು ತಗ್ಗಿದ್ದರೆ ಮೊಣಕಾಲಿಗೆ ಏಳು ಸಾವಿರ ಸಲ ಅದೇ ತಪ್ಪು ಒತ್ತಡ. ಸೀಟಿನ ಮೇಲೆ ಕುಳಿತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಟ್ಟರೆ ಮೊಣಕಾಲು ತಾನಾಗಿ ಸ್ವಲ್ಪ ಬಾಗುತ್ತದೆ. ಪಾನಾ ಹಿಡಿದು ಎರಡು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಇನ್ನು ಗೆಳೆಯರ ವಿಷಯ. ಗುಂಪಾಗಿ ಹೋದರೆ ದಣಿವು ಕಡಿಮೆ ಎಂಬ ಮಾತು ಬರೀ ಮನಸ್ಸಿನ ಸಮಾಧಾನವಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 15 ಕಿ.ಮೀ. ವೇಗವನ್ನು 20ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಮೂರನೇ ಒಂದು ಭಾಗ, ತಡೆ ಹೆಚ್ಚುವುದು ಮುಕ್ಕಾಲು ಪಾಲಿಗೂ ಮೀರಿ. ಮುಂದಿನವನು ಗಾಳಿ ಸೀಳಿದರೆ ಹಿಂದೆ ಹತ್ತಿರದಲ್ಲಿರುವವನಿಗೆ ಆ ತಡೆಯಲ್ಲಿ ಕಾಲು ಪಾಲಾದರೂ ತಪ್ಪುತ್ತದೆ. ಹಾಗೆಂದು ಒಬ್ಬನೇ ಕೊನೇತನಕ ಮುಂದಿರಬಾರದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮುಂದಿನವನು ಪಕ್ಕಕ್ಕೆ ಸರಿದು ಹಿಂದೆ ಸೇರಬೇಕು. ರೇಸಿನವರು ಗೇಣು ಅಂತರದಲ್ಲಿ ಹೋಗುತ್ತಾರೆ. ನಾವು ಒಂದು ಸೈಕಲ್ ಉದ್ದದ ಅಂತರ ಬಿಡಲೇಬೇಕು. ನಮ್ಮ ರಸ್ತೆಗಳಲ್ಲಿ ಗುಂಡಿ ಯಾವಾಗ ಬರುತ್ತದೋ, ಎಮ್ಮೆ ಯಾವಾಗ ಅಡ್ಡ ಬರುತ್ತದೋ ಹೇಳಲಾಗದು.

ಗಾಳಿಯ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ. ಚಳಿಗಾಲದ್ದು ಪೂರ್ವ, ಈಶಾನ್ಯದಿಂದ. ಭಾಲ್ಕಿ ಇರುವುದು ನಮಗೆ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ. ಡಿಸೆಂಬರಿನಲ್ಲಿ ಅಲ್ಲಿಂದ ವಾಪಸ್ ಬರುವಾಗ ಏರು ಒಂದು ಕಡೆ, ಎದುರುಗಾಳಿ ಇನ್ನೊಂದು ಕಡೆ. ಔರಾದಿನಿಂದ ಬರುವಾಗ ಅದೇ ಗಾಳಿ ಬಹುಮಟ್ಟಿಗೆ ಪಕ್ಕದಿಂದ ಬೀಸುತ್ತದೆ. ಹಾಗಾಗಿ ದೂರ ಸ್ವಲ್ಪ ಹೆಚ್ಚಾದರೂ ಚಳಿಗಾಲದ ಮೊದಲ ಪ್ರಯಾಣಕ್ಕೆ ಔರಾದೇ ವಾಸಿ ಎಂದು ನಮ್ಮ ಅಭಿಪ್ರಾಯ. ಆದರೆ ಭಾಲ್ಕಿಗೆ ರೈಲು ನಿಲ್ದಾಣವಿದೆ, ದಾರಿಯಲ್ಲಿ ಹಲಬರ್ಗಾದಲ್ಲೂ ಇದೆ, ಔರಾದಿಗೆ ರೈಲಿಲ್ಲ. ಯಾರಿಗಾದರೂ ಮೈ ಸರಿಯಿಲ್ಲದಂತಾದರೆ ಅದು ದೊಡ್ಡ ಅನುಕೂಲ. ಸೈಕಲ್ಲನ್ನು ರೈಲಿಗೆ ಹಾಕಲು ಬುಕ್ ಮಾಡಬೇಕಾಗುತ್ತದೆ, ಕೊನೇ ಗಳಿಗೆಯಲ್ಲಿ ಓಡಿ ಹತ್ತುವ ಕೆಲಸವಲ್ಲ. ಭಾಲ್ಕಿಯಿಂದ ನೇರ ಔರಾದಿಗೆ ಹೋಗಿ ತ್ರಿಕೋನ ಸುತ್ತಿ ಬರುವವರಿಗೆ ಒಟ್ಟು 120 ಕಿ.ಮೀ. ದಾಟುತ್ತದೆ. ಅದು ಎರಡನೇ ವರ್ಷದ ಮಾತು.

ದೂರ ಪ್ರಯಾಣದ ಸೈಕಲ್ ಹುಚ್ಚು ಹೊಸದಲ್ಲ. 1923ರ ಅಕ್ಟೋಬರಿನಲ್ಲಿ ಮುಂಬೈಯ ಆರು ಜನ ಪಾರ್ಸಿ ಯುವಕರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭುಮ್‌ಗರಾ ಮೂವರೇ ಕೊನೆಯವರೆಗೆ ಉಳಿದು 1928ರ ಮಾರ್ಚಿನಲ್ಲಿ ಮುಂಬೈಗೆ ಮರಳಿದರು. ಸುಮಾರು 71,000 ಕಿ.ಮೀ. ದಾರಿ, ನಡುವೆ ಇರಾನ್, ಇರಾಕಿನ ಮರುಭೂಮಿ. ಫ್ರಾನ್ಸಿನಲ್ಲಿ 1891ರಲ್ಲಿ ಆರಂಭವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 1,200 ಕಿ.ಮೀ.ಯನ್ನು 90 ಗಂಟೆಯೊಳಗೆ ಮುಗಿಸಬೇಕು, ಮೊದಲ ಸ್ಥಾನ, ಬಹುಮಾನ ಎಂಬುದಿಲ್ಲ. ಅದಕ್ಕೆ ಹೋಗುವವರು ಮೊದಲು ಬ್ರೆವೆ ಎಂಬ ಪ್ರಯಾಣಗಳನ್ನು ಪೂರೈಸಬೇಕು. ಹೈದರಾಬಾದ್, ಬೆಂಗಳೂರಿನ ಸವಾರರೂ ಇವನ್ನು ಮಾಡುತ್ತಾರೆ. ಅತಿ ಚಿಕ್ಕದು 200 ಕಿ.ಮೀ., ಹದಿಮೂರೂವರೆ ಗಂಟೆ. ಗಂಟೆಗೆ 15 ಕಿ.ಮೀ.ಯೂ ಆಗಲಿಲ್ಲವಲ್ಲ ಎಂದು ನಗಬೇಡಿ. ಚಹಾ, ಊಟ, ಪಂಚರ್ ಎಲ್ಲವೂ ಆ ಗಡಿಯಾರದೊಳಗೇ. ನಮ್ಮ ಹುಡುಗರ ಸಮಯ ಹಾಳಾಗುವುದೂ ತುಳಿಯುವಾಗಲ್ಲ, ನಿಂತಾಗ. ಪ್ರತಿ ಹೋಟೆಲಿನ ಮುಂದೆ ಇಪ್ಪತ್ತು ನಿಮಿಷ, ಪ್ರತಿ ಸೇತುವೆಯ ಮೇಲೆ ಸೆಲ್ಫಿ.

ತಿಂಗಳು ಯಾವುದು? ದೀಪಾವಳಿ ಕಳೆದ ಮೇಲಿನಿಂದ ಫೆಬ್ರವರಿ ನಡುವಿನವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಆ ಬಿಸಿಲಲ್ಲಿ ಹೋಗುವುದು ಧೈರ್ಯವಲ್ಲ, ತಿಳಿಗೇಡಿತನ. ತಲೆ ಸುತ್ತಿ, ಬೆವರು ನಿಂತು, ಮಾತು ತೊದಲಿದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಊರಿನ ಸುತ್ತ ಕೆಂಪು ಮಣ್ಣು, ಕೆಳಗಿಳಿದರೆ ಎರೆಭೂಮಿ. ಒದ್ದೆ ಎರೆಮಣ್ಣಿಗೆ ಚಕ್ರ ಇಳಿಸಿದರೆ ಅದು ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ತುಂಬಿಕೊಂಡು ಚಕ್ರ ತಿರುಗುವುದೇ ಇಲ್ಲ. ಸೈಕಲ್ ಹೊತ್ತುಕೊಂಡೇ ನಡೆಯಬೇಕು.

ನೀರು ಗಂಟೆಗೆ ಅರ್ಧ ಲೀಟರ್, ಬಾಯಾರಿಕೆಗೆ ಕಾಯದೆ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಒಂದು ಬಾಟಲಿಗೆ ನಿಂಬೆ, ಸಕ್ಕರೆ, ಚಿಟಿಕೆ ಉಪ್ಪು ಹಾಕಿಟ್ಟುಕೊಳ್ಳಿ. ದೇಹ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಜೋರಾಗಿ ತುಳಿದರೆ ಎರಡು ಗಂಟೆಯ ಸುಮಾರಿಗೆ ಬರಿದಾಗುತ್ತದೆ. ಆಗ ಕೈ ನಡುಗಿ, ಇದ್ದಕ್ಕಿದ್ದಂತೆ ಸಿಟ್ಟು ಬರುತ್ತದೆ. ಗೆಳೆಯನೊಬ್ಬ ಸುಮ್ಮಸುಮ್ಮನೆ ಜಗಳ ತೆಗೆದರೆ ಮೊದಲು ಅವನ ಕೈಗೆ ಬೆಲ್ಲ ಕೊಡಿ. ಅಂಗಡಿಯ ಚಿಪ್ಸಿಗಿಂತ ಮನೆಯ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಖರ್ಜೂರ ಎಷ್ಟೋ ಮೇಲು. ದಾರಿಯಲ್ಲಿ ಸುಸಲಾ ಸಿಕ್ಕರೆ ತಿನ್ನಿ, ಮಿರ್ಚಿ ಭಜಿಯನ್ನು ವಾಪಸ್ ಬಂದ ಮೇಲೆ ತಿನ್ನಿ.

ಪಂಚರ್ ಆಗಿಯೇ ಆಗುತ್ತದೆ, ರಸ್ತೆಯಂಚಿನ ಜಾಲಿ ಮುಳ್ಳು ಯಾರನ್ನೂ ಬಿಟ್ಟಿಲ್ಲ. ಗುಂಪಿಗೆ ಒಂದು ಪಂಪು, ಒಂದು ಪಾನಾ, ಒಂದು ಹೊಸ ಟ್ಯೂಬು, ಸೊಲ್ಯೂಷನ್ನು, ಪ್ಯಾಚು ಸಾಕು. ಟೈರಿನೊಳಗೆ ಬೆರಳಾಡಿಸಿ ಮುಳ್ಳಿನ ತುದಿ ತೆಗೆಯದೆ ಟ್ಯೂಬು ಹಾಕಿದರೆ ಐದು ನಿಮಿಷಕ್ಕೆ ಮತ್ತೆ ಅದೇ ಕಥೆ. ಬ್ರೇಕಿನ ರಬ್ಬರನ್ನು ಹಿಂದಿನ ದಿನವೇ ನೋಡಿ. ಮೊದಲ ಇಳಿಯಲ್ಲೇ ಅದರ ಪರೀಕ್ಷೆ. ದುಪಟ್ಟಾ, ಬುರ್ಖಾದ ಅಂಚು, ಸಡಿಲ ಪೈಜಾಮ ಚೈನಿಗೆ ಸಿಕ್ಕರೆ ಬೀಳುವುದು ಖಂಡಿತ. ಲೇಡೀಸ್ ಸೈಕಲ್ಲಿನ ಪೂರ್ತಿ ಮುಚ್ಚಿದ ಚೈನ್ ಕವರ್ ಇದಕ್ಕಾಗಿಯೇ ಇರುವುದು, ಶಬ್ದ ಮಾಡುತ್ತದೆಂದು ಕಿತ್ತು ಹಾಕಬೇಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಬ್ಬಿನ ಟ್ರ್ಯಾಕ್ಟರುಗಳದು. ನಮಗೆ ಸೈಕಲ್ ಹೊಡೆಯಲು ಹೇಳಿಸಿದ ಚಳಿಗಾಲವೇ ಕಬ್ಬು ಕಟಾವಿನ ಕಾಲವೂ ಹೌದು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಚಾಲಕನಿಗೆ ಹಿಂದೇನಿದೆ ಕಾಣುವುದಿಲ್ಲ, ಹಾಡಿನ ಅಬ್ಬರದಲ್ಲಿ ಬೆಲ್ಲು ಕೇಳುವುದಿಲ್ಲ. ಮುಂದಿನ ಟ್ರೇಲರ್ ದಾಟಿತೆಂದು ರಸ್ತೆಗೆ ಬಂದರೆ ಹಿಂದಿನದು ತಗಲುತ್ತದೆ. ಅಂಥದ್ದು ಬರುತ್ತಿದೆ ಎಂದು ಗೊತ್ತಾದರೆ ರಸ್ತೆಯಿಂದ ಕೆಳಗಿಳಿದು ನಿಲ್ಲಿ, ಅದು ಪೂರ್ತಿ ಹೋಗಲಿ. ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಜೋಡಿಯಾಗಿ ಹೋಗಿ ಹರಟುವುದಕ್ಕೆ ಕಾಲೇಜಿನ ಕಟ್ಟೆಯಿದೆ. ತಲೆಗೆ ಹೆಲ್ಮೆಟ್, ಮೈಗೆ ಬಿಳಿ ಅಥವಾ ಹಳದಿ ಅಂಗಿ, ಹಿಂದೆ ಕೆಂಪು ದೀಪ. ಕಿವಿಯಲ್ಲಿ ಇಯರ್‌ಫೋನ್ ಬೇಡವೇ ಬೇಡ. ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಸೈಕಲ್ ಬೇಡ.

ಮನೆಯಲ್ಲಿ ಹೇಳದೆ ಹೋಗುವವರ ಜೊತೆ ಹೋಗಬೇಡಿ. "ಅಮ್ಮಿ, ಗೆಳೆಯನ ಮನೆಯಲ್ಲಿ ಓದ್ತಾ ಇರ್ತೀನಿ" ಎಂದು ಬಂದವನು ದಾರಿಯಲ್ಲಿ ಬಿದ್ದರೆ ಫೋನ್ ಮಾಡಲೂ ಹೆದರುತ್ತಾನೆ, ಹಾಗಾಗಿ ಗಾಯವನ್ನೇ ಮುಚ್ಚಿಡುತ್ತಾನೆ. ಅಬ್ಬಾ, ಅಮ್ಮಿಯ ಪ್ರಶ್ನೆಗಳು ಸಾಮಾನ್ಯವಾಗಿ ಮೂರೇ: ಯಾರ್ಯಾರು ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು. ಮೂರಕ್ಕೂ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಬೇಡ ಎನ್ನುವ ಮನೆಗಳು ಕಡಿಮೆ. ವೇಗ ನಿರ್ಧರಿಸುವುದು ಗುಂಪಿನ ಅತಿ ನಿಧಾನದವನು. ಅವನನ್ನು ಕೊನೆಯಲ್ಲಿ ಒಬ್ಬನೇ ಬಿಡಬಾರದು. ಅವನ ಹಿಂದೆ ಗಟ್ಟಿಗನೊಬ್ಬ ಇರಬೇಕು.

ಇಷ್ಟೆಲ್ಲ ಮಾಡಿ ಹೋದರೆ ಕಾಣುವುದೇನು ಎಂದರೆ, ಬಸ್ಸಿನ ಕಿಟಕಿಯಲ್ಲಿ ಕಾಣದ್ದು. ತೊಗರಿ ಹೊಲದ ನಡುವೆ ತಲೆಯೆತ್ತಿ ನಿಂತ ಕೃಷ್ಣಮೃಗ. ಕೌಠಾ ಸೇತುವೆಯ ಕೆಳಗೆ ಮಾಂಜ್ರಾ. ಸಂತಪುರ ದಾಟಿದಂತೆ ಮಾತಿನಲ್ಲಿ ಕನ್ನಡದ ಜೊತೆ ಮರಾಠಿ ಬೆರೆಯುವುದು. ಒಂದೇ ಚಹಾದಂಗಡಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ, ಕೇಳುವವನಿಗೆ ಕೊಡುವವನು ಅವನದೇ ಭಾಷೆಯಲ್ಲಿ ಲೆಕ್ಕ ಹೇಳುತ್ತಾನೆ.

ಮೊದಲು ಅಷ್ಟೂರಿನ ಗುಮ್ಮಟಗಳವರೆಗೆ ನಾಲ್ಕು ವಾರ ಹೋಗಿಬನ್ನಿ. ಊರಿನಿಂದ ಕೆಲವೇ ಕಿ.ಮೀ., ಹೋಗುವಾಗ ಇಳಿ, ಬರುವಾಗ ಏರು, ದೊಡ್ಡ ಪ್ರಯಾಣದ ಚಿಕ್ಕ ನಮೂನೆ. ಮುಂದಿನ ವಾರ ಜನವಾಡ, ಅದರ ಮುಂದೆ ಕೌಠಾ ಸೇತುವೆ. ಔರಾದಿನ ದಿನ ಫಜರ್ ನಮಾಜ್ ಮುಗಿಸಿ, ಬೆಳಕು ಹರಿಯುತ್ತಲೇ ಹೊರಡಿ. ಗಂಟೆಗೆ 15 ಕಿ.ಮೀ.ಯಂತೆ ಹೋಗುವಾಗ ಮೂರು ಗಂಟೆ, ನಿಲ್ಲುವುದಕ್ಕೆ ಅರ್ಧ ಗಂಟೆ, ಔರಾದಿನಲ್ಲಿ ಒಂದು ಗಂಟೆ ವಿಶ್ರಾಂತಿ, ವಾಪಸ್ಸಿಗೆ ನಾಲ್ಕು ಗಂಟೆ ಹಿಡಿಯಿರಿ, ಅಸರ್ ಹೊತ್ತಿಗೆ ಮನೆ. ಕೌಠಾ ಸೇತುವೆ ಹೆಚ್ಚು ಕಡಿಮೆ ಅರ್ಧ ದಾರಿ. ಒಂಬತ್ತು ಗಂಟೆಯಾದರೂ ಅದನ್ನು ದಾಟದಿದ್ದರೆ ನದಿ ನೋಡಿಕೊಂಡು, ರೊಟ್ಟಿ ತಿಂದು, ಅಲ್ಲಿಂದಲೇ ತಿರುಗಿ.