ಕಂಪ್ಯೂಟರಿನ ಹೊಸ್ತಿಲಲ್ಲೂ ಕನ್ನಡ

ಹಬ್ಬ ಬಂತೆಂದರೆ, ಯಾವ ದೇಶದಲ್ಲಿದ್ದರೂ ನಾವು ಬಾಗಿಲಿಗೆ ತೋರಣ ಕಟ್ಟುತ್ತೇವೆ, ಹೊಸ್ತಿಲ ಮುಂದೆ ಎರಡೆಳೆ ರಂಗೋಲಿಯನ್ನಾದರೂ ಎಳೆಯುತ್ತೇವೆ. ಕಂಪ್ಯೂಟರಿಗೂ ಒಂದು ಹೊಸ್ತಿಲಿದೆ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಅದು ಗೊತ್ತು. ಸ್ವಿಚ್ ಒತ್ತಿದೊಡನೆ ಪರದೆಯ ಮೇಲೆ ನಾಲ್ಕಾರು ಇಂಗ್ಲಿಷ್ ಸಾಲುಗಳು ಮೂಡಿ ‘ಯಾವುದು ಬೇಕು?’ ಎಂದು ಕೇಳುತ್ತವೆ. ಅದೇ ಬೂಟ್ ಮೆನು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇದನ್ನು ತೋರಿಸುವ ತಂತ್ರಾಂಶದ ಹೆಸರು ಗ್ರಬ್.

ಹಳೆಯ ಗ್ರಬ್‌ನಲ್ಲಿ ಅಲಂಕಾರವೆಂದರೆ 640 × 480 ಅಳತೆಯ, 14 ಬಣ್ಣಗಳ ಒಂದು ಹಿನ್ನೆಲೆ ಚಿತ್ರ, ಅಷ್ಟೆ. 2008ರ ಗೂಗಲ್ ಸಮ್ಮರ್ ಆಫ್ ಕೋಡ್ ಯೋಜನೆಯಲ್ಲಿ ಕಾಲಿನ್ ಬೆನೆಟ್ ಎಂಬುವರು ಚಿತ್ರಮಯ ಮೆನುವಿನ ಕೆಲಸ ಮಾಡಿದರು. ಗ್ರಬ್ 2ರಲ್ಲಿ ಬಣ್ಣ, ಫಾಂಟ್, ಐಕಾನ್, ಸಮಯ ತೋರಿಸುವ ಪಟ್ಟಿ ಎಲ್ಲವನ್ನೂ ನಾವೇ ಬದಲಿಸಿಕೊಳ್ಳಬಹುದಾಯಿತು.

ಇದೆಲ್ಲ ಬರೀ ಶೋಕಿಯೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಂತೂ ಅಲ್ಲ. ಊರಿನಿಂದ ಬಂದು ಆರು ತಿಂಗಳು ನಮ್ಮೊಡನಿರುವ ಅಮ್ಮನಿಗೆ ಕನ್ನಡ ಪತ್ರಿಕೆ ಓದಲು ಲಿನಕ್ಸ್ ಬೇಕು, ಮೊಮ್ಮಗನಿಗೆ ಆಟಕ್ಕೆ ವಿಂಡೋಸ್ ಬೇಕು. ಇಂಗ್ಲಿಷ್ ಓದಲು ಬಾರದ ಅಮ್ಮ ಪ್ರತಿದಿನ ಬೆಳಿಗ್ಗೆ ಯಾರಾದರೂ ಏಳಲಿ ಎಂದು ಕಾಯಬೇಕಾಗಿತ್ತು. ಮೆನುವಿನಲ್ಲಿ ‘ಪತ್ರಿಕೆ’, ‘ಆಟ’ ಎಂದು ಕನ್ನಡದಲ್ಲಿ ಕಂಡರೆ ಸಾಕು, ಬಾಣದ ಕೀಲಿ ಮತ್ತು ಎಂಟರ್ ಒತ್ತುವುದು ಅಮ್ಮನಿಗೇನೂ ಕಷ್ಟವಲ್ಲ.

ಆದರೆ ಇಲ್ಲೊಂದು ತೊಡಕಿದೆ. ಗ್ರಬ್ ಬಳಸುವ ಫಾಂಟ್ ಕಡತದಲ್ಲಿ ಪ್ರತಿ ಯೂನಿಕೋಡ್ ಸಂಕೇತಕ್ಕೂ ಒಂದೊಂದು ಚುಕ್ಕಿಚಿತ್ರ ಮಾತ್ರ ಇರುತ್ತದೆ. ಒತ್ತಕ್ಷರ ಕಟ್ಟುವ ನಿಯಮ ಅದಕ್ಕೆ ತಿಳಿಯದು. ‘ಪತ್ರಿಕೆ’ ಎಂದು ಬರೆದರೆ ತಕಾರದ ಕೆಳಗೆ ಕೂರಬೇಕಾದ ರಕಾರ ಕೂರುವುದೇ ಇಲ್ಲ, ಪದ ಒಡೆದುಹೋಗುತ್ತದೆ.

ನಾನು ಹಿಡಿದ ದಾರಿ ಹೀಗೆ. ಒತ್ತಕ್ಷರ ಸರಿಯಾಗಿ ಮೂಡಿಸುವ ಜಿಂಪ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟಿನಿಂದ ಪದಗಳನ್ನು ದೊಡ್ಡದಾಗಿ ಬರೆದು, ಪಿಎನ್‌ಜಿ ಚಿತ್ರಗಳಾಗಿ ಉಳಿಸಿದೆ. ಉಬುಂಟುವಿನಲ್ಲಿ ಬೂಟ್ ಫೋಲ್ಡರಿನ ಗ್ರಬ್‌ನೊಳಗೆ ಥೀಮ್ಸ್ ಎಂಬ ಜಾಗ ಮಾಡಿ, ನಮ್ಮ ಥೀಮ್ ಫೋಲ್ಡರನ್ನು ಅಲ್ಲಿಟ್ಟೆ. ಅದರ ಐಕಾನ್ಸ್ ಫೋಲ್ಡರಿನಲ್ಲಿ ‘ಪತ್ರಿಕೆ’ ಚಿತ್ರಕ್ಕೆ ಉಬುಂಟು ಎಂದೂ ‘ಆಟ’ ಚಿತ್ರಕ್ಕೆ ವಿಂಡೋಸ್ ಎಂದೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೆಸರು ಕೊಟ್ಟೆ. ಗ್ರಬ್ ಈ ಹೆಸರು ನೋಡಿಯೇ ಆಯಾ ಸಾಲಿನ ಪಕ್ಕ ಚಿತ್ರ ಕೂರಿಸುತ್ತದೆ. ಐಕಾನಿನ ಅಗಲ, ಎತ್ತರ, ಹಿನ್ನೆಲೆ ಚಿತ್ರ ಇವೆಲ್ಲ ಥೀಮ್‌ನ ಪಠ್ಯ ಕಡತದಲ್ಲಿರುತ್ತವೆ. ಹಿನ್ನೆಲೆಗೆ ಮನೆಮುಂದಿನ ರಂಗೋಲಿಯ ಫೋಟೋ ಹಾಕಿದೆ. ಕೊನೆಗೆ ಗ್ರಬ್‌ನ ಮುಖ್ಯ ಸೆಟ್ಟಿಂಗ್ ಕಡತದಲ್ಲಿ ಥೀಮ್ ಎಲ್ಲಿದೆಯೆಂದು ಬರೆದು, ಅಪ್‌ಡೇಟ್-ಗ್ರಬ್ ಆಜ್ಞೆ ಕೊಟ್ಟರಾಯಿತು.

ಪ್ರಯತ್ನಿಸುವವರಿಗೆ ಎರಡು ಕಿವಿಮಾತು. ಸೆಟ್ಟಿಂಗ್ ಕಡತದ ಒಂದು ನಕಲನ್ನು ಮೊದಲೇ ತೆಗೆದಿಡಿ, ಲಿನಕ್ಸ್ ಇರುವ ಯುಎಸ್‌ಬಿ ಕಡ್ಡಿಯೊಂದು ಕೈಯಳತೆಯಲ್ಲಿರಲಿ. ಹಾಗೆಯೇ, 2021ರಲ್ಲಿ ಬಂದ ಗ್ರಬ್ 2.06ರಿಂದೀಚೆಗೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳನ್ನು ಹುಡುಕುವ ಸೌಲಭ್ಯವನ್ನು ಮೊದಲಿನಿಂದಲೇ ನಿಲ್ಲಿಸಿರುತ್ತಾರೆ. ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿಯಾಗದೆ, ಅದೇ ಸೆಟ್ಟಿಂಗ್ ಕಡತದಲ್ಲಿ ಓಎಸ್-ಪ್ರೋಬರ್ ಸೌಲಭ್ಯವನ್ನು ಚಾಲೂ ಮಾಡಿ.

ಅಕ್ಷರವನ್ನು ಚಿತ್ರವಾಗಿಸಿದ್ದು ತಾತ್ಕಾಲಿಕ ಉಪಾಯವಷ್ಟೇ. ಗ್ರಬ್ ಮುಕ್ತ ತಂತ್ರಾಂಶ, ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ತೆರೆದು ತಿದ್ದಬಹುದು. ನಮ್ಮ ಕೂಟದಲ್ಲಿ ಸಾಫ್ಟ್‌ವೇರ್ ಬಲ್ಲವರಿಗೇನೂ ಬರವಿಲ್ಲ. ಕನ್ನಡದ ಒತ್ತಕ್ಷರವನ್ನು ಅದಕ್ಕೆ ಕಲಿಸುವ ಕೆಲಸಕ್ಕೆ ನಮ್ಮ ಮಕ್ಕಳಲ್ಲಿ ಯಾರಾದರೂ ಕೈ ಹಾಕಿದರೆ, ಜೊತೆಗೆ ಕೂರಲು ನಾನು ಸಿದ್ಧ.