ಪಿಸಿಓಎಸ್ ಮತ್ತು ತೂಕ: ಪೂಜೆಮನೆ ಸಲಹೆಗಳಲ್ಲಿ ನಿಜವೆಷ್ಟು?

ಪರ್ತ್‌ನ ಥಾರ್ನ್ಲಿಯಲ್ಲೋ ಪಕ್ಕದ ಕ್ಯಾನಿಂಗ್ ವೇಲ್‌ನಲ್ಲೋ ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೆ, ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಇರುವ ಹೆಣ್ಣುಮಗಳಿಗೆ ಪ್ರಸಾದದ ಜೊತೆ ಸಲಹೆಯೂ ಸಿಗುತ್ತದೆ. ಊರಿಂದ ಅಮ್ಮನ ವಿಡಿಯೋ ಕಾಲ್ ಬಂದಾಗ ಇನ್ನೊಂದು ಕಂತು. ಹೇಳುವವರ ಕಾಳಜಿ ನಿಜವೇ. ಹೇಳುವ ಮಾತುಗಳಲ್ಲಿ ಮಾತ್ರ ಜೊಳ್ಳೇ ಹೆಚ್ಚು.

"ಬಾಯಿ ಕಟ್ಟಿದ್ರೆ ತೂಕ ತಾನಾಗಿ ಇಳಿಯುತ್ತಮ್ಮ"

ಈ ತೊಂದರೆ ಇರುವ ಬಹಳಷ್ಟು ಹೆಂಗಸರ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದನ್ನು ಸರಿದೂಗಿಸಲು ಮೇದೋಜ್ಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೀಗೆ ಹೆಚ್ಚಾದ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಪುರುಷ ಹಾರ್ಮೋನನ್ನು ಹೆಚ್ಚಿಸುತ್ತದೆ. ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು ಬರುವುದು, ಮೊಡವೆ ಏಳುವುದು ಇದರಿಂದಲೇ. ತೂಕ ಏರಿದರೆ ಇನ್ಸುಲಿನ್ ಇನ್ನೂ ಏರುತ್ತದೆ, ಸುತ್ತು ಮತ್ತೆ ಮೊದಲಾಗುತ್ತದೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2023ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಈ ಹೆಂಗಸರಲ್ಲಿ ತೂಕ ಏರುವುದು ಹೆಚ್ಚು ಎಂದು ಒಪ್ಪಿಕೊಂಡಿದೆ. ತೂಕದ ವಿಚಾರಕ್ಕೆ ಅವರನ್ನು ಹೀಗಳೆಯುವುದೇ ಚಿಕಿತ್ಸೆಗೆ ಅಡ್ಡಿ ಎಂದೂ ಅದು ವೈದ್ಯರಿಗೇ ಹೇಳಿದೆ. ನೆಂಟರಿಗೂ ಯಾರಾದರೂ ಒಂದು ಪ್ರತಿ ಕಳಿಸಬೇಕು.

"ಹಾಗಾದ್ರೆ ಏನು ಮಾಡಿದ್ರೂ ಇಳಿಯಲ್ಲ ಬಿಡು"

ಇದು ಮೊದಲಿನದಕ್ಕಿಂತ ಅಪಾಯಕಾರಿ. ಆಹಾರ ಕಡಿಮೆ ಮಾಡಿ ವ್ಯಾಯಾಮ ಮಾಡಿದರೆ ಪಿಸಿಓಎಸ್ ಇದ್ದವರೂ ಇಲ್ಲದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯುತ್ತಾರೆ. ತಪ್ಪಿರುವುದು ಅಳತೆಗೋಲಿನಲ್ಲಿ. ಇಪ್ಪತ್ತು ಕಿಲೋ ಇಳಿದರೆ ಮಾತ್ರ ಗೆಲುವು ಎಂದುಕೊಂಡವರು ಮೂರನೆಯ ವಾರಕ್ಕೇ ಕೈಚೆಲ್ಲುತ್ತಾರೆ.

ಇದಕ್ಕೆ ಉತ್ತರವಾಗಿ ಅಡಿಲೇಡ್‌ನ ಕೆಲಸವೊಂದಿದೆ. 1990ರ ದಶಕದಲ್ಲಿ ಅಲ್ಲಿನ ರಾಬರ್ಟ್ ನಾರ್ಮನ್ ಮತ್ತು ಸಂಗಡಿಗರು, ಸ್ಥೂಲಕಾಯದ, ಅಂಡೋತ್ಪತ್ತಿ ನಿಂತು ಮಕ್ಕಳಾಗದಿದ್ದ ಹೆಂಗಸರನ್ನು ಗುಂಪಾಗಿ ಸೇರಿಸಿ ಆರು ತಿಂಗಳು ಊಟ, ವ್ಯಾಯಾಮ, ಮಾತುಕತೆಯ ಕಾರ್ಯಕ್ರಮ ನಡೆಸಿದರು. 1995ರಲ್ಲಿ ಪ್ರಕಟವಾದ ಮೊದಲ ವರದಿಯ ಪ್ರಕಾರ, ಕಾರ್ಯಕ್ರಮ ಮುಗಿಸಿದ 13 ಮಂದಿ ಕಳೆದುಕೊಂಡದ್ದು ಸರಾಸರಿ 6.3 ಕಿಲೋ. ಅವರ ಆರಂಭದ ತೂಕಕ್ಕೆ ಅದು ಸಣ್ಣ ಪಾಲು. ಆದರೂ 12 ಮಂದಿಗೆ ಅಂಡೋತ್ಪತ್ತಿ ಮರಳಿತು, 11 ಮಂದಿ ಗರ್ಭಿಣಿಯರಾದರು. ಗುಂಪು ಚಿಕ್ಕದು, ನಿಜ. ಆದರೆ 1998ರಲ್ಲಿ 67 ಮಂದಿಯ ವರದಿ ಬಂದಾಗಲೂ 60 ಮಂದಿಗೆ ಅಂಡೋತ್ಪತ್ತಿ ಮರಳಿತ್ತು. ಕನ್ನಡಿಯಲ್ಲಿ ಏನೂ ಕಾಣದಿರುವಾಗಲೇ ಒಳಗೆ ಕೆಲಸ ನಡೆದಿರುತ್ತದೆ. ಹಾಗಾಗಿ ತೂಕದ ಯಂತ್ರಕ್ಕಿಂತ ಮುಟ್ಟಿನ ದಿನಾಂಕ, ಸೊಂಟದ ಸುತ್ತಳತೆ, ಸಕ್ಕರೆಯ ವರದಿ ಬರೆದಿಡುವುದು ಮೇಲು.

"ಅನ್ನ ಬಿಟ್ಟು ರಾಗಿ ತಿನ್ನು"

ರಾಗಿಯ ಮೇಲೆ ನಮಗಿರುವ ಅಭಿಮಾನಕ್ಕೆ ಕಾರಣಗಳಿವೆ. ನಾರು ಇದೆ, ಸುಣ್ಣದ ಅಂಶ ಧಾರಾಳ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 355. ಅಂತರ ಇಷ್ಟೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ರಕ್ತದ ಸಕ್ಕರೆಯನ್ನು ಬೇಗನೆ ಏರಿಸಬಲ್ಲದು. ಮುದ್ದೆಯ ಗಾತ್ರ ಹಿಂದಿನಷ್ಟೇ ಇದ್ದು ಪಕ್ಕದಲ್ಲಿ ಬಸ್ಸಾರಿನ ಕಾಳು, ಸೊಪ್ಪು ಇಲ್ಲದಿದ್ದರೆ ಅನ್ನ ಬಿಟ್ಟು ಪ್ರಯೋಜನವಿಲ್ಲ. ಪಿಸಿಓಎಸ್‌ಗೆ ಇದೇ ಪಥ್ಯ ಶ್ರೇಷ್ಠ ಎನ್ನಲು ಆಧಾರವಿಲ್ಲ ಎಂಬುದು ಮಾರ್ಗಸೂಚಿಯ ಮಾತು. ಬಿಡದೆ ನಡೆಸಬಹುದಾದ ಊಟವೇ ಸರಿಯಾದ ಊಟ. ಮೆಂತ್ಯದ ನೀರು, ಜೀರಿಗೆ ನೀರು ಕುಡಿಯುವವರು ಕುಡಿಯಲಿ. ಕೊಬ್ಬು ಕರಗುವುದು ಅದರಿಂದಲ್ಲ.

"ಸಕ್ಕರೆ ಕಾಯಿಲೆ ಇಲ್ಲ, ಮೆಟ್‌ಫಾರ್ಮಿನ್ ಯಾಕೆ?"

ಇನ್ಸುಲಿನ್ ಕೆಲಸವನ್ನು ಸುಧಾರಿಸಲು. ತೂಕ ಇಳಿಸುವಲ್ಲಿ ಅದರ ಪಾತ್ರ ಸಣ್ಣದು. ಈಗ ಎಲ್ಲರ ಬಾಯಲ್ಲಿರುವ ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ತೂಕ ಇಳಿಸುತ್ತದೆ, ಆದರೆ ಮಗು ಬೇಕೆನ್ನುವವರು ಗರ್ಭಧಾರಣೆಗೆ ಕನಿಷ್ಠ ಎರಡು ತಿಂಗಳು ಮೊದಲೇ ಅದನ್ನು ನಿಲ್ಲಿಸಬೇಕು. ಯಾರದೋ ಗೆಳತಿಯ ಪೆನ್ ಎರವಲು ತರುವ ಔಷಧ ಅದಲ್ಲ.

"ಸಣ್ಣಗಿದ್ದೀಯಲ್ಲ, ನಿನಗೆಲ್ಲಿಯ ಪಿಸಿಓಎಸ್?"

ಸಣ್ಣಗಿದ್ದವರಿಗೂ ಬರುತ್ತದೆ. ನಮ್ಮ ಮೈಕಟ್ಟಿನಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಹೆಚ್ಚು. ಹಾಗಾಗಿ ಏಷ್ಯಾದವರಿಗೆ ಬಿಎಂಐ 25ರ ಬದಲು 23ರಿಂದಲೇ ಎಚ್ಚರಿಕೆ ಬೇಕು. ಸಕ್ಕರೆ ನೋಡಲು 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ.

"ಥೈರಾಯ್ಡ್ ಮಾತ್ರೆ ತಗೊಂಡ್ರೂ ಇಳೀತಿಲ್ಲ"

ಪಿಸಿಓಎಸ್ ಜೊತೆ ಥೈರಾಯ್ಡ್ ತೊಂದರೆಯೂ ಇರುವವರ ದೂರು ಇದು. ಕುಂದಿದ ಥೈರಾಯ್ಡ್‌ನಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಪ್ರಮಾಣ ಸರಿಯಾದರೆ ಅಷ್ಟು ಇಳಿಯುತ್ತದೆ, ಉಳಿದದ್ದಕ್ಕೆ ಮಾತ್ರೆ ಹೊಣೆಯಲ್ಲ. ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಅದು ಮೈಗೆ ಸರಿಯಾಗಿ ಹತ್ತುವುದೂ ಇಲ್ಲ. ಅರ್ಧ ಗಂಟೆಯಾದರೂ ಕಾಯಬೇಕು. ಇನ್ನೊಂದು ಮಾತು, ಊರಿನಲ್ಲಿ ಕಪಾಟಿನಲ್ಲಿಟ್ಟು ರೂಢಿಯಾದವರಿಗೆ: ಆಸ್ಟ್ರೇಲಿಯಾದ ಯೂಟ್ರಾಕ್ಸಿಗ್, ಒರೊಕ್ಸಿನ್ ಮಾತ್ರೆಗಳ ಜಾಗ ಫ್ರಿಜ್. ಪರ್ತ್‌ನ 40 ಡಿಗ್ರಿ ಬೇಸಿಗೆಯಲ್ಲಿ ಇದನ್ನು ಮರೆಯಬಾರದು.

ಮೆಡಿಕೇರ್ ಇರುವವರಿಗೆ ಜಿಪಿ ದೀರ್ಘಕಾಲದ ಕಾಯಿಲೆಯ ಯೋಜನೆ ಬರೆದುಕೊಟ್ಟರೆ, ಡಯಟೀಶಿಯನ್ ಮುಂತಾದವರ ಬಳಿ ವರ್ಷಕ್ಕೆ ಐದು ಭೇಟಿಗಳ ಖರ್ಚಿನಲ್ಲಿ ಒಂದು ಪಾಲು ಮರಳುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ಬಂದ ನಮ್ಮವರಿಗೆ ಈ ಸೌಲಭ್ಯವಿಲ್ಲ. ತಮ್ಮ ವಿಮೆಯಲ್ಲಿ ಏನಿದೆಯೆಂದು ನೋಡಿಕೊಳ್ಳಬೇಕು. ಮೊದಲ ಭೇಟಿಗೆ ಹೋಗುವಾಗ ಒಂದು ವಾರ ತಿಂದದ್ದನ್ನೆಲ್ಲ ಬರೆದು, ಮುದ್ದೆ, ಚಿತ್ರಾನ್ನ, ಹಬ್ಬದ ಹೋಳಿಗೆ ಎಲ್ಲದರ ಫೋಟೋ ತೆಗೆದುಕೊಂಡು ಹೋಗಿ. ಎದುರು ಕೂತವರು ಮುದ್ದೆಯನ್ನು ಕಂಡಿರಲಾರರು.