ಮಗು ಹೋದದ್ದು ಯಾವುದರಿಂದ?

ಮಕ್ಕಳ ಆರೋಗ್ಯಕ್ಕೆಂದು ಸಹಾಯ ಕೇಳಲು ಹೋದಾಗಲೆಲ್ಲ ದಾನಿಗಳು ನಮ್ಮನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ನಮ್ಮ ಹಣದಲ್ಲಿ ಏನು ಕೊಡಿಸುತ್ತೀರಿ? ಇನ್‌ಕ್ಯುಬೇಟರೋ, ಆಂಬುಲೆನ್ಸೋ?" ಅದಕ್ಕೆ ಉತ್ತರಿಸುವ ಮುನ್ನ ಇನ್ನೊಂದು ಪ್ರಶ್ನೆಗೆ ಉತ್ತರ ತಿಳಿದಿರಬೇಕು. ಭಾರತದಲ್ಲಿ ಐದು ವರ್ಷ ತುಂಬುವ ಮೊದಲೇ ಮಕ್ಕಳು ಸಾಯುವುದು ಯಾವುದರಿಂದ?

ಇದನ್ನು ತಿಳಿಯುವುದು ಸುಲಭವಲ್ಲ. ಮನೆಯಲ್ಲೇ ತೀರಿಕೊಂಡ ಮಗುವಿಗೆ ಕಾರಣ ಬರೆದುಕೊಡುವ ವೈದ್ಯರಿರುವುದಿಲ್ಲ. ಆದ್ದರಿಂದ ಸಂಶೋಧಕರು 'ವರ್ಬಲ್ ಅಟಾಪ್ಸಿ' ಎಂಬ ವಿಧಾನವನ್ನು ಬಳಸುತ್ತಾರೆ. ತರಬೇತಿ ಪಡೆದವರು ಆ ಮನೆಗೆ ಹೋಗಿ, ತಾಯಿಯ ಬಳಿ ಕುಳಿತು ವಿಚಾರಿಸುತ್ತಾರೆ. ಹುಟ್ಟಿದೊಡನೆ ಮಗು ಅತ್ತಿತೇ? ಹಾಲು ಕುಡಿಯುತ್ತಿತ್ತೇ? ಉಸಿರಾಡುವಾಗ ಎದೆ ಒಳಕ್ಕೆ ಸೆಳೆಯುತ್ತಿತ್ತೇ? ಭೇದಿ ಎಷ್ಟು ದಿನ ಇತ್ತು? ಈ ಉತ್ತರಗಳನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣವನ್ನು ಗುರುತಿಸುತ್ತಾರೆ. ಇಬ್ಬರಲ್ಲಿ ಒಮ್ಮತ ಮೂಡದಿದ್ದರೆ ಮೂರನೆಯವರು ತೀರ್ಮಾನಿಸುತ್ತಾರೆ.

2001-03ರ ಸಾವುಗಳ ಬಗ್ಗೆ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಹೀಗೆ ವಿಚಾರಿಸಲಾಯಿತು. ಇದು 'ಮಿಲಿಯನ್ ಡೆತ್ ಸ್ಟಡಿ'ಯ ಭಾಗ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಇದರಲ್ಲಿ ಕೈಜೋಡಿಸಿತ್ತು. ಮಕ್ಕಳ ಕುರಿತ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಮೊದಲ ತಿಂಗಳಲ್ಲಿ ಸಂಭವಿಸಿದ ಸಾವುಗಳಲ್ಲಿ ಶೇ. 78ಕ್ಕೆ ಮೂರೇ ಕಾರಣಗಳು: ದಿನ ತುಂಬದೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟುವುದು, ಸೋಂಕು, ಹೆರಿಗೆಯ ವೇಳೆ ಉಸಿರುಕಟ್ಟುವುದು ಅಥವಾ ಪೆಟ್ಟಾಗುವುದು. ಒಂದು ತಿಂಗಳಿನಿಂದ ಐದು ವರ್ಷದೊಳಗಿನ ಸಾವುಗಳಲ್ಲಿ ಅರ್ಧದಷ್ಟಕ್ಕೆ ನ್ಯುಮೋನಿಯಾ ಮತ್ತು ಭೇದಿ ಕಾರಣ.

ಇನ್ನೊಂದು ಸಂಗತಿ ಮನಸ್ಸನ್ನು ಕಲಕುತ್ತದೆ. ದಕ್ಷಿಣ ಭಾರತದ ಗಂಡುಮಕ್ಕಳಿಗೆ ಹೋಲಿಸಿದರೆ, ಮಧ್ಯ ಭಾರತದ ಹೆಣ್ಣುಮಕ್ಕಳು ನ್ಯುಮೋನಿಯಾದಿಂದ ಸಾಯುವ ಪ್ರಮಾಣ ಐದು ಪಟ್ಟು ಹೆಚ್ಚಿತ್ತು. ರೋಗ ಒಂದೇ, ಔಷಧಿಯೂ ಒಂದೇ. ಯಾವ ಊರಿನಲ್ಲಿ, ಹೆಣ್ಣಾಗಿ ಹುಟ್ಟಿತೋ ಗಂಡಾಗಿ ಹುಟ್ಟಿತೋ ಎಂಬುದೂ ಮಗುವಿನ ಅಳಿವು ಉಳಿವನ್ನು ನಿರ್ಧರಿಸುತ್ತಿತ್ತು.

ಕಾರಣ ತಿಳಿದರೆ ಪರಿಹಾರ ದೊರೆಯುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಗಡಚಿರೋಲಿ ಸಾಕ್ಷಿ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು 39 ಹಳ್ಳಿಗಳ ಮಹಿಳೆಯರಿಗೆ ನವಜಾತ ಶಿಶುಗಳ ಆರೈಕೆಯನ್ನು ಕಲಿಸಿದರು. ಮಗುವನ್ನು ಬೆಚ್ಚಗಿಡುವುದು, ಎದೆಹಾಲು ಕುಡಿಸಲು ನೆರವಾಗುವುದು, ಸೋಂಕನ್ನು ಬೇಗ ಗುರುತಿಸಿ ಆ್ಯಂಟಿಬಯಾಟಿಕ್ ಕೊಡುವುದು ಅದರ ಮುಖ್ಯ ಅಂಶಗಳು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೋಲಿಕೆಗೆಂದು ಆರಿಸಿದ್ದ ಹಳ್ಳಿಗಳಿಗಿಂತ ಅಲ್ಲಿ ನವಜಾತ ಶಿಶುಗಳ ಮರಣ ಶೇ. 62ರಷ್ಟು ಇಳಿದಿತ್ತು. 2011ರಿಂದ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ನವಜಾತ ಶಿಶುಗಳನ್ನು ನೋಡುವ ಸರ್ಕಾರಿ ಕಾರ್ಯಕ್ರಮಕ್ಕೆ ಇದೇ ಪ್ರೇರಣೆ.

ಕರ್ನಾಟಕದಲ್ಲಿ 2005ರಲ್ಲಿ ಸಾವಿರ ಜನನಕ್ಕೆ 50ರಷ್ಟಿದ್ದ ಶಿಶು ಮರಣ 2020ಕ್ಕೆ 19ಕ್ಕೆ ಇಳಿಯಿತು. ಹೆರಿಗೆಗಳೂ ಈಗ ಬಹುಪಾಲು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ದಿನ ತುಂಬದ ಶಿಶುಗಳ ವಿಷಯದಲ್ಲಿ ತಾಯಿಯ ಮಾತಿನಿಂದಷ್ಟೇ ಕಾರಣ ತಿಳಿಯುವುದಿಲ್ಲ. ಅದಕ್ಕಾಗಿಯೇ ದಾವಣಗೆರೆಯಲ್ಲಿ ನಡೆದ ಅಧ್ಯಯನವೊಂದರಲ್ಲಿ, ತಂದೆ ತಾಯಿಯರ ಒಪ್ಪಿಗೆ ಪಡೆದು, ತೀರಿಕೊಂಡ ಶಿಶುವಿನ ದೇಹದಿಂದ ಸೂಜಿಯ ಮೂಲಕ ಅಂಗಾಂಶದ ಚೂರುಗಳನ್ನು ತೆಗೆದು ಪರೀಕ್ಷಿಸಲಾಯಿತು. ಅಂಥ ದುಃಖದಲ್ಲೂ ಒಪ್ಪಿಗೆ ಕೊಟ್ಟ ಆ ತಂದೆ ತಾಯಿಯರಿಗಿಂತ ದೊಡ್ಡ ದಾನಿಗಳು ಯಾರಿದ್ದಾರೆ?

ಬಂಧುಗಳೇ, ಯಂತ್ರಗಳು ಬೇಡವೆಂದು ನಾವು ಹೇಳುತ್ತಿಲ್ಲ. ದೊಡ್ಡ ಆಸ್ಪತ್ರೆಗೆ ಅವು ಬೇಕೇ ಬೇಕು. ಆದರೆ ಹೆಸರು ಕೆತ್ತಿಸಲು ಜಾಗವಿಲ್ಲದ ಕೆಲಸಗಳೂ ಇವೆ: ಕಾರ್ಯಕರ್ತೆಗೆ ತರಬೇತಿ, ಅವಳ ಚೀಲದಲ್ಲೊಂದು ಥರ್ಮಾಮೀಟರು, ತೂಕದ ತಕ್ಕಡಿ, ಪ್ರತಿ ಸಾವಿನ ಕಾರಣವನ್ನೂ ಬರೆದಿಡುವ ವ್ಯವಸ್ಥೆ. ಈ ವರ್ಷ ಕೊಡುಗೆ ನೀಡುವಾಗ "ಏನು ಕೊಡಿಸುತ್ತೀರಿ?" ಎಂಬುದರ ಜೊತೆಗೆ "ಅಲ್ಲಿನ ಮಕ್ಕಳು ಸಾಯುತ್ತಿರುವುದು ಯಾವುದರಿಂದ?" ಎಂದೂ ನಮ್ಮನ್ನು ಕೇಳಿರಿ. ಆ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಹೊಣೆ.